ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು: ಅಭ್ಯಾಸ ಮತ್ತು ಕಾಲ

ಯೋಗದಲ್ಲಿ ನೈಪುಣ್ಯ ಪಡೆಯಲು ಎಷ್ಟು ಕಾಲ ಬೇಕು ಎಂಬುದು ಯೋಗಶಾಸ್ತ್ರದಷ್ಟೇ ಹಳೆಯ ಪ್ರಶ್ನೆ. ಪತಂಜಲಿ ಇದಕ್ಕೆ ವರ್ಷಗಳ ಲೆಕ್ಕದಲ್ಲಿ ಉತ್ತರ ನೀಡಲಿಲ್ಲ. ಬಹುಕಾಲ, ಎಡೆಬಿಡದೆ, ಆದರದಿಂದ ನಡೆಸಿಕೊಂಡು ಬಂದ ಅಭ್ಯಾಸ ಮಾತ್ರವೇ ದೃಢವಾಗಿ ನೆಲೆಗೊಳ್ಳುತ್ತದೆ ಎಂಬುದು ಆತನ ಸೂತ್ರದ ತಾತ್ಪರ್ಯ. ಹಠಯೋಗದ ಗ್ರಂಥಗಳು ಇದಕ್ಕಿಂತ ಧಾರಾಳ. ಬ್ರಹ್ಮಚರ್ಯ, ಮಿತಾಹಾರ, ತ್ಯಾಗಗಳಿಂದ ಕೂಡಿ ಯೋಗದಲ್ಲೇ ಮಗ್ನನಾದವನು ಒಂದು ವರ್ಷ ಕಳೆದ ಮೇಲೆ ಸಿದ್ಧನಾಗುತ್ತಾನೆಂದು ಹಠಯೋಗಪ್ರದೀಪಿಕೆ ಭರವಸೆ ಕೊಡುತ್ತದೆ. ಆದರೆ ಆ ಒಂದು ವರ್ಷಕ್ಕೆ ಅದು ವಿಧಿಸುವ ಷರತ್ತುಗಳನ್ನು ನೋಡಿದರೆ ಭರವಸೆ ಅಷ್ಟು ಸುಲಭದ್ದಲ್ಲವೆಂದು ತಿಳಿಯುತ್ತದೆ.

ಕನ್ನಡ ಸಾಹಿತ್ಯಕ್ಕೂ ಈ ಪ್ರಶ್ನೆ ಅಪರಿಚಿತವಲ್ಲ. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಬರುವ ಗೋರಕ್ಷ-ಅಲ್ಲಮರ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಸಾಧನೆಯಿಂದ ವಜ್ರದಂತಾದ ಗೋರಕ್ಷನ ದೇಹಕ್ಕೆ ಕತ್ತಿ ತಾಗಿದಾಗ ಖಣಿಲ್ ಎಂಬ ಸದ್ದು ಹುಟ್ಟುತ್ತದೆ. ಅಲ್ಲಮನ ದೇಹದಲ್ಲಿ ಅದೇ ಕತ್ತಿ ಬಯಲಿನಲ್ಲಿ ಸುಳಿದಂತೆ ಸುಳಿದು ಹೋಗುತ್ತದೆ. ದೇಹವನ್ನು ಪಳಗಿಸಿದ ಮಾತ್ರಕ್ಕೆ ಯೋಗ ಮುಗಿಯಿತೆ ಎಂಬ ಅನುಮಾನವನ್ನು ನಮ್ಮ ಕವಿಗಳು ಶತಮಾನಗಳ ಹಿಂದೆಯೇ ಎತ್ತಿದ್ದರು.

ಇಂದು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಬೆಳಗಿನ ಲೋಕಲ್ ರೈಲು ಹಿಡಿಯುವ ಮೊದಲು ಒಂದು ಗಂಟೆಯನ್ನು ಯೋಗಕ್ಕೆ ಮೀಸಲಿಡುವವರು ಕೇಳುವುದೂ ಇದೇ ಪ್ರಶ್ನೆಯನ್ನು. ಎಷ್ಟು ತಿಂಗಳಲ್ಲಿ ಬರುತ್ತದೆ ಎಂಬುದು ಅವರ ಮೊದಲ ಮಾತು. ಅವರು ಕಲಿಯುವ ಆಸನಗಳಲ್ಲಿ ಅನೇಕವು, ಅವುಗಳನ್ನು ಕಲಿಸುವ ಕ್ರಮಗಳಲ್ಲಿ ಕೆಲವು, ಮೈಸೂರಿನ ಅರಮನೆಯೊಂದರ ಶಾಲೆಯಲ್ಲಿ ರೂಪುಗೊಂಡು ಹೊರಟವು. ಆ ಶಾಲೆಯ ಆಚಾರ್ಯರಾಗಿದ್ದವರು ತಿರುಮಲೈ ಕೃಷ್ಣಮಾಚಾರ್ಯರು. ಕಲಿಯಲು ಬೇಕಾದ ಕಾಲವೆಷ್ಟು ಎಂಬುದಕ್ಕೆ ಅವರ ನೂರು ವರ್ಷಗಳ ಬದುಕಿನಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ದೊರೆಯುತ್ತವೆ. ಅವುಗಳಲ್ಲಿ ಒಂದು ಇನ್ನೊಂದನ್ನು ತಿದ್ದುತ್ತದೆ.

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯರು, ತಾಯಿ ರಂಗನಾಯಕಮ್ಮ. ಶ್ರೀವೈಷ್ಣವ ವಿದ್ವಾಂಸರ ಮನೆತನ. ಎಳೆಯ ವಯಸ್ಸಿನಲ್ಲೇ ಉಪನಯನವಾಯಿತು. ಸಂಸ್ಕೃತ, ವೇದಪಾಠಗಳ ಜೊತೆಗೆ ಯೋಗದ ಮೊದಲ ಪಾಠಗಳನ್ನೂ ತಂದೆಯೇ ಹೇಳಿಕೊಟ್ಟರು. ಹತ್ತರ ಹರೆಯದಲ್ಲಿ ತಂದೆ ತೀರಿಕೊಂಡಾಗ ಕುಟುಂಬ ಮೈಸೂರಿಗೆ ಬಂದಿತು. ಅಲ್ಲಿಯ ಪರಕಾಲ ಮಠದ ಪೀಠದಲ್ಲಿ ಅವರ ಮುತ್ತಾತ ಇದ್ದರು. ಮಠದ ಆಶ್ರಯದಲ್ಲಿ ಬಾಲಕನ ಶಾಸ್ತ್ರಾಭ್ಯಾಸ ಮುಂದುವರಿಯಿತು.

ಹದಿನೆಂಟರ ವಯಸ್ಸಿನಲ್ಲಿ, 1906ರಲ್ಲಿ, ಅವರು ಕಾಶಿಗೆ ಹೋದರು. ವ್ಯಾಕರಣ, ತರ್ಕಗಳನ್ನು ಓದಿ 1909ರಲ್ಲಿ ಮೈಸೂರಿಗೆ ಮರಳಿ ವೇದಾಂತ ಕಲಿತರು. 1914ರಲ್ಲಿ ಮತ್ತೆ ಕಾಶಿಗೆ ತೆರಳಿ ದರ್ಶನಗಳ ಅಧ್ಯಯನವನ್ನು ಕೈಗೊಂಡರು. ಯೋಗವು ಅವರಿಗೆ ಬರಿಯ ಅಂಗಸಾಧನೆಯಾಗಿರದೆ ಸಾಂಖ್ಯ, ನ್ಯಾಯ, ಮೀಮಾಂಸೆ, ವೇದಾಂತಗಳ ನಡುವೆ ನಿಂತ ಒಂದು ದರ್ಶನವಾಗಿತ್ತು. ಅದನ್ನು ಸೂತ್ರಪಾಠದಿಂದಲೇ ತಿಳಿಯಲಾಗದು, ಬಲ್ಲವರ ಬಳಿ ಇದ್ದು ಕಲಿಯಬೇಕು ಎಂಬ ಹಂಬಲ ಅವರಲ್ಲಿ ಬೆಳೆಯಿತು. ಕಾಶಿಯಲ್ಲಿ ಅವರಿಗೆ ಮಾರ್ಗದರ್ಶನ ಮಾಡಿದ ಮಹಾಮಹೋಪಾಧ್ಯಾಯ ಗಂಗಾನಾಥ ಝಾ ಅವರು ಮಾನಸ ಸರೋವರದ ಕಡೆ ವಾಸವಾಗಿದ್ದ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಹೆಸರನ್ನು ಸೂಚಿಸಿದರೆಂದು ಪ್ರತೀತಿ.

ಆ ಗುರುವಿನ ಬಳಿ ಅವರು ಕಳೆದ ಕಾಲ ಏಳೂವರೆ ವರ್ಷ. ಈ ಭಾಗದ ವಿವರಗಳಿಗೆ ಕೃಷ್ಣಮಾಚಾರ್ಯರು ಮಕ್ಕಳಿಗೂ ಶಿಷ್ಯರಿಗೂ ಹೇಳಿದ ಮಾತುಗಳೇ ಆಧಾರ. ತಮ್ಮ ಗುರುವಿನಿಂದ ಕಲಿತುದೆಂದು ಅವರು ಹೇಳುತ್ತಿದ್ದ ಯೋಗ ಕುರುಂಟ ಎಂಬ ಗ್ರಂಥ ಇಂದಿಗೂ ವಿದ್ವಾಂಸರ ಕೈಗೆ ಸಿಕ್ಕಿಲ್ಲ. ಆ ವರ್ಷಗಳ ಕಾಲಾನುಕ್ರಮದಲ್ಲೂ ಹೊಂದಿಕೆಯಾಗದ ಅಂಶಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಆದರೆ ಒಂದು ಮಾತು ನಿಸ್ಸಂದೇಹ. ತಾವು ಕಲಿಯಲು ತೆಗೆದುಕೊಂಡ ಕಾಲವನ್ನು ಅವರು ಸದಾ ಈ ಲೆಕ್ಕದಲ್ಲೇ ಸ್ಮರಿಸುತ್ತಿದ್ದರು. ಸೂತ್ರಗಳನ್ನು ಕಂಠಸ್ಥ ಮಾಡಿ, ಆಸನ ಪ್ರಾಣಾಯಾಮಗಳನ್ನು ಕಲಿತು, ಯೋಗದಿಂದ ರೋಗಕ್ಕೆ ಪರಿಹಾರ ಕಾಣುವ ಬಗೆಯನ್ನು ತಿಳಿದು ಬರಲು ಅಷ್ಟು ವರ್ಷ ಹಿಡಿಯಿತು. ಗುರುದಕ್ಷಿಣೆಯಾಗಿ ಬ್ರಹ್ಮಚಾರಿಗಳು ಕೇಳಿದ್ದು ಹಣವನ್ನಲ್ಲ. ಊರಿಗೆ ಮರಳಿ ಗೃಹಸ್ಥನಾಗಿ ಮಕ್ಕಳನ್ನು ಬೆಳೆಸಿ ಯೋಗವನ್ನು ಕಲಿಸಬೇಕೆಂಬುದೇ ಅವರ ಅಪೇಕ್ಷೆಯಾಗಿತ್ತು.

ಆ ದಕ್ಷಿಣೆ ತೀರಿಸುವುದು ಸುಲಭವಾಗಿರಲಿಲ್ಲ. ಷಡ್ದರ್ಶನಗಳಲ್ಲಿ ಪಾಂಡಿತ್ಯ ಪಡೆದವರಿಗೆ ಸಂಸ್ಥಾನಗಳಲ್ಲೋ ವಿದ್ಯಾಪೀಠಗಳಲ್ಲೋ ಗೌರವದ ಸ್ಥಾನ ಸಿಗುತ್ತಿದ್ದ ಕಾಲವದು. ಯೋಗ ಕಲಿಸುವವನಿಗೆ ಅಂತಹ ಸ್ಥಾನವಿರಲಿಲ್ಲ. 1925ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನ ನಾಮಗಿರಿಯಮ್ಮನವರನ್ನು ಕೃಷ್ಣಮಾಚಾರ್ಯರು ವಿವಾಹವಾದರು. ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿ ದುಡಿದರು. ಬಡತನ ಎಷ್ಟಿತ್ತೆಂದರೆ ಹೆಂಡತಿಯ ಸೀರೆಯ ತುಂಡನ್ನು ಹರಿದು ಕೌಪೀನ ಮಾಡಿಕೊಂಡ ದಿನಗಳೂ ಇದ್ದವೆಂದು ಮನೆಯವರು ನೆನೆಯುತ್ತಾರೆ. ಬಿಡುವಿನಲ್ಲಿ ಊರೂರಿಗೆ ಹೋಗಿ ಯೋಗದ ಪ್ರದರ್ಶನ, ಉಪನ್ಯಾಸಗಳನ್ನು ನೀಡುತ್ತಿದ್ದರು. 1927ರಲ್ಲಿ ಹಾಸನದಲ್ಲಿ ಅಂತಹ ಒಂದು ಪ್ರದರ್ಶನವನ್ನು ಕೌಶಿಕ ಗ್ರಾಮದ ಹನ್ನೆರಡು ವರ್ಷದ ಬಾಲಕನೊಬ್ಬ ಕಂಡು ಮರುದಿನವೇ ಕಲಿಯಲು ಬಂದ. ಅವನೇ ಮುಂದೆ ಪ್ರಸಿದ್ಧರಾದ ಕೆ. ಪಟ್ಟಾಭಿ ಜೋಯಿಸರು.

1930ರ ದಶಕದ ಆರಂಭದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಗಮನ ಇವರತ್ತ ಹರಿಯಿತು. ಮೊದಲು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಬೋಧನೆಯ ಕೆಲಸ ದೊರೆಯಿತು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಯೋಗಶಾಲೆ ಪ್ರಾರಂಭವಾಯಿತು. ಯೋಗಕ್ಕೂ ಮೈಸೂರು ಅರಮನೆಗೂ ಇದ್ದ ನಂಟು ಅದಕ್ಕಿಂತ ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಂಕಲಿತವಾದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳು ಸಚಿತ್ರವಾಗಿ ನಿರೂಪಿತವಾಗಿವೆ. ಕೃಷ್ಣಮಾಚಾರ್ಯರು ತಮ್ಮ ಆಕರಗಳಲ್ಲಿ ಅದನ್ನೂ ಹೆಸರಿಸಿದ್ದಾರೆ. ಅದೇ ಜಗನ್ಮೋಹನ ಅರಮನೆಯ ಆವರಣದಲ್ಲಿ, ಶಾಂತಲಾ, ರೂಪದರ್ಶಿ ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಅವರ ವ್ಯಾಯಾಮ ಪದ್ಧತಿಯ ಶಾಲೆಯೂ ಅವರ ಶಿಷ್ಯರಿಂದ ನಡೆಯುತ್ತಿತ್ತು. ಯೋಗವೂ ಅಂಗಸಾಧನೆಯೂ ಒಂದೇ ಸೂರಿನಡಿ ಬೆಳೆದವು ಎಂಬುದು ಅಲ್ಲಿಯ ಯೋಗದ ಸ್ವರೂಪವನ್ನು ತಿಳಿಯುವವರಿಗೆ ಮುಖ್ಯವಾದ ಸಂಗತಿ.

ಯೋಗಶಾಲೆಯ ವಿದ್ಯಾರ್ಥಿಗಳು ಬಹುಮಟ್ಟಿಗೆ ಬಾಲಕರು, ಅವರಲ್ಲೂ ಅರಸು ಮನೆತನಗಳ ಹುಡುಗರು. ಅವರ ವಯಸ್ಸಿಗೆ ತಕ್ಕಂತೆ ನೆಗೆತ, ಬಾಗು, ಉಸಿರುಗಳನ್ನು ಜೋಡಿಸಿ ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ ವಿನ್ಯಾಸ ಕ್ರಮವನ್ನು ಆಚಾರ್ಯರು ಕಲಿಸಿದರು. ಈ ಕ್ರಮವನ್ನು ವಿವರಿಸಲು ಅವರು ಆರಿಸಿಕೊಂಡ ಭಾಷೆ ಕನ್ನಡ. 1934ರಲ್ಲಿ ಪ್ರಕಟವಾದ ಯೋಗ ಮಕರಂದವೂ 1941ರಲ್ಲಿ ಬಂದ ಯೋಗಾಸನಗಳು ಎಂಬ ಪುಸ್ತಕವೂ ಕನ್ನಡದಲ್ಲೇ ರಚಿತವಾದವು. ಇಂದು ಜಗತ್ತಿನ ನಾನಾ ಕಡೆ ಅಭ್ಯಾಸದಲ್ಲಿರುವ ಯೋಗಪದ್ಧತಿಗಳ ಮೂಲಗ್ರಂಥಗಳಲ್ಲಿ ಎರಡು ಕನ್ನಡದ ಗದ್ಯಕೃತಿಗಳೆಂಬುದು ನಮ್ಮ ಶಾಸ್ತ್ರಸಾಹಿತ್ಯದ ಚರಿತ್ರೆಯಲ್ಲಿ ಇನ್ನೂ ತಕ್ಕಷ್ಟು ಸ್ಥಾನ ಪಡೆದಿಲ್ಲ. ಎರಡನೆಯ ಪುಸ್ತಕದಲ್ಲಿ ಆಸನಗಳನ್ನು ಆರಂಭದವರಿಗೆ, ನಡುವಿನ ಹಂತದವರಿಗೆ, ಪಳಗಿದವರಿಗೆ ಎಂದು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. ಕಲಿಕೆಗೆ ಮೆಟ್ಟಿಲುಗಳುಂಟು, ಒಂದನ್ನು ಏರದೆ ಇನ್ನೊಂದಕ್ಕೆ ಕಾಲಿಡಬಾರದು ಎಂಬ ತಿಳಿವಳಿಕೆ ಆ ವಿಂಗಡಣೆಯ ಹಿಂದೆ ಇದೆ.

ಆದರೆ ಪುಸ್ತಕದ ಮೆಟ್ಟಿಲುಗಳಿಗೂ ಅರಮನೆಯ ಅಂಗಳದ ಅಗತ್ಯಗಳಿಗೂ ಯಾವಾಗಲೂ ಹೊಂದಿಕೆಯಾಗುತ್ತಿರಲಿಲ್ಲ. ಯೋಗಕ್ಕೆ ಜನರ ಮನ್ನಣೆ ದೊರಕಿಸುವುದು ಮಹಾರಾಜರ ಉದ್ದೇಶವಾಗಿತ್ತು. ಅದಕ್ಕೆ ಪ್ರದರ್ಶನಗಳು ಬೇಕಿದ್ದವು. ಕೃಷ್ಣಮಾಚಾರ್ಯರು ಸ್ವತಃ ನಾಡಿಯ ಬಡಿತವನ್ನು ತಡೆಹಿಡಿದು ತೋರಿಸುತ್ತಿದ್ದರು, ಭಾರವಾದ ವಸ್ತುಗಳನ್ನು ಹಲ್ಲಿನಿಂದ ಎತ್ತುತ್ತಿದ್ದರು. 1935ರಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರೋಸ್ ಭಾರತಕ್ಕೆ ಬಂದು ಪರೀಕ್ಷಿಸಿದ ಯೋಗಿಗಳಲ್ಲಿ ಇವರೂ ಒಬ್ಬರು. ಗೋರಕ್ಷನ ವಜ್ರದೇಹದಂತೆ ಇವೂ ನೋಡುವವರನ್ನು ಬೆರಗುಗೊಳಿಸುವ ಸಿದ್ಧಿಗಳು. ಅವುಗಳ ಹಿಂದೆ ಬಹುವರ್ಷಗಳ ಸಾಧನೆ ಇತ್ತು. ಶಿಷ್ಯರಿಂದ ಅಂತಹ ಪ್ರದರ್ಶನವನ್ನು ಅಪೇಕ್ಷಿಸಿದಾಗ ಮಾತ್ರ ಅಷ್ಟು ಕಾಲ ಕೈಯಲ್ಲಿರುತ್ತಿರಲಿಲ್ಲ.

ಇದರ ಬೆಲೆ ತೆತ್ತವರು ನಾಮಗಿರಿಯಮ್ಮನವರ ತಮ್ಮ ಸುಂದರರಾಜ, ಅಂದರೆ ಮುಂದಿನ ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಹುಟ್ಟಿದ ಆತ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಬಳಲಿ 1934ರಲ್ಲಿ ಭಾವನ ಮನೆಗೆ ಬಂದಿದ್ದ. ಬಗ್ಗಿದರೆ ಕೈಬೆರಳು ಮೊಣಕಾಲಿನ ಕೆಳಗಿಳಿಯದಷ್ಟು ಬಿಗಿದ ಮೈ. ಅವನಿಂದ ಯೋಗ ಆಗದೆಂದು ಆಚಾರ್ಯರು ಅವನ ಕಡೆ ಹೆಚ್ಚು ಗಮನ ಕೊಟ್ಟಿರಲಿಲ್ಲ. ಪ್ರದರ್ಶನಕ್ಕೆ ತಯಾರಾಗಿದ್ದ ಮೆಚ್ಚಿನ ಶಿಷ್ಯನೊಬ್ಬ ಇದ್ದಕ್ಕಿದ್ದಂತೆ ಮನೆ ಬಿಟ್ಟು ಹೋದಾಗ ಬೇರೆ ದಾರಿ ಕಾಣದೆ ಈ ಹುಡುಗನಿಗೆ ಕೆಲವೇ ದಿನಗಳಲ್ಲಿ ಹಲವು ಕಷ್ಟದ ಆಸನಗಳನ್ನು ಹೇಳಿಕೊಟ್ಟರು. ಹುಡುಗ ಅವನ್ನು ಜನರೆದುರು ಮಾಡಿ ತೋರಿಸಿದ. ಮತ್ತೊಂದು ಸಂದರ್ಭದಲ್ಲಿ ಅತಿಥಿಯೊಬ್ಬರ ಮುಂದೆ, ಎಂದೂ ಕಲಿಯದಿದ್ದ ಹನುಮಾನಾಸನವನ್ನು ಮಾಡುವಂತೆ ಅಪ್ಪಣೆಯಾಯಿತು. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನೆಲಕ್ಕೆ ತಾಗುವಂತೆ ಚಾಚುವ ಆಸನವದು. ಚಡ್ಡಿ ಬಿಗಿಯಾಗಿದೆ ಎಂದು ನೆಪ ಹೇಳಿದರೆ ಕತ್ತರಿ ತರಿಸಿ ಅದನ್ನು ಕತ್ತರಿಸಲಾಯಿತು. ಹುಡುಗ ಆಸನವನ್ನು ಮಾಡಿದ. ತೊಡೆಯ ಹಿಂಭಾಗದ ಸ್ನಾಯುಗಳು ಹರಿದವು. ಅನಂತರ ಕೆಲವು ವರ್ಷ ಸರಾಗವಾಗಿ ನಡೆಯುವುದೂ ಕಷ್ಟವಾಗಿತ್ತೆಂದು ಅಯ್ಯಂಗಾರರು ಮುಂದೆ ನೆನೆದಿದ್ದಾರೆ. ಗುರುವಿನಲ್ಲಿ ಅವರಿಗಿದ್ದ ಭಕ್ತಿ ಕುಂದಲಿಲ್ಲವಾದರೂ ಈ ನೋವನ್ನು ಅವರು ಮರೆಮಾಚಲೂ ಇಲ್ಲ.

ಈ ಪ್ರಸಂಗವನ್ನು ಆಚಾರ್ಯರ ಉಗ್ರಸ್ವಭಾವದ ನಿದರ್ಶನವೆಂದಷ್ಟೇ ಓದುವುದು ವಾಡಿಕೆ. ಆದರೆ ಅದರಲ್ಲಿ ಕಾಲದ ಪ್ರಶ್ನೆಯೂ ಅಡಗಿದೆ. ತಾವು ಏಳೂವರೆ ವರ್ಷ ಗುರುವಿನ ಬಳಿ ಇದ್ದು ಕಲಿತುದನ್ನು ಶಿಷ್ಯನೊಬ್ಬನ ಮೈಯಿಂದ ಕ್ಷಣದಲ್ಲಿ ಹೊರತರಿಸಲು ಆಚಾರ್ಯರು ಹೊರಟರು. ಆಸನದ ಆಕಾರ ಬಂದಿತು. ಆ ಆಕಾರವನ್ನು ತಾಳಿಕೊಳ್ಳುವ ಮೈ ಬರಲಿಲ್ಲ. ನೋಡುವವರ ಕಣ್ಣಿಗೆ ನೈಪುಣ್ಯದಂತೆ ತೋರಿದ್ದು ಮಾಡಿದವನಿಗೆ ಗಾಯವಾಯಿತು.

ಗಾಯಗೊಂಡ ಶಿಷ್ಯನ ಮುಂದಿನ ದಾರಿ ಗಮನಾರ್ಹ. 1936ರಲ್ಲಿ ಆಚಾರ್ಯರು ಉತ್ತರ ಕರ್ನಾಟಕದಲ್ಲಿ ಪ್ರವಾಸ ಕೈಗೊಂಡಾಗ ಯೋಗ ಕಲಿಯಬಯಸಿದ ಸ್ತ್ರೀಯರಿಗೆ ಕಲಿಸುವ ಹೊಣೆ ಎಲ್ಲರಿಗಿಂತ ಕಿರಿಯರಾದ ಅಯ್ಯಂಗಾರರಿಗೆ ಬಂದಿತು. ಬೆಳಗಾವಿಯ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಅವರ ಪರಿಚಯವೂ ಆ ಪ್ರವಾಸದಲ್ಲಾಯಿತು. ಗೋಖಲೆಯವರ ಪ್ರಯತ್ನದಿಂದ 1937ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಆರು ತಿಂಗಳ ಅವಧಿಗೆ ಯೋಗಶಿಕ್ಷಕನ ಕೆಲಸ ದೊರೆಯಿತು. ಮರಾಠಿ ಬಾರದ, ಗುರುವಿನ ನೆರವಿಲ್ಲದ ಹದಿಹರೆಯದ ಆ ಶಿಕ್ಷಕ ದಿನಕ್ಕೆ ಹಲವು ಗಂಟೆ ಒಬ್ಬನೇ ಅಭ್ಯಾಸ ಮಾಡಿ, ತಪ್ಪಿ, ತಿದ್ದಿಕೊಂಡು ಕಲಿತ. ಆರು ತಿಂಗಳಿಗೆಂದು ಹೋದವರು ಪುಣೆಯಲ್ಲೇ ನೆಲೆಸಿದರು. 1966ರಲ್ಲಿ ಪ್ರಕಟವಾದ ಅವರ ಯೋಗದೀಪಿಕೆಯ ಇಂಗ್ಲಿಷ್ ಮೂಲದ ಕೊನೆಯಲ್ಲಿ ಆಸನಗಳ ಅಭ್ಯಾಸಕ್ಕೆ 300 ವಾರಗಳ ಪಾಠಕ್ರಮವನ್ನು ಕೊಟ್ಟಿದ್ದಾರೆ. ಅಂದರೆ ಆರು ವರ್ಷಕ್ಕೆ ತುಸು ಕಡಿಮೆ. ಕ್ಷಣದಲ್ಲಿ ಮಾಡಬೇಕಾಗಿ ಬಂದು ತಮ್ಮನ್ನು ಗಾಯಗೊಳಿಸಿದ ಆಸನವನ್ನು ಅವರು ತಮ್ಮ ಓದುಗರಿಗೆ ವರ್ಷಗಳ ದಾರಿಯ ಕೊನೆಯ ಹಂತದಲ್ಲಿ ಇಟ್ಟರು.

ಮೈಸೂರಿನ ಯೋಗಶಾಲೆಗೆ 1937ರ ಸುಮಾರಿಗೆ ಇಂದ್ರಾದೇವಿ ಎಂಬ ಹೆಸರಿನ ಯುರೋಪಿಯನ್ ಮಹಿಳೆಯೂ ಬಂದರು. ವಿದೇಶೀಯಳೆಂದೂ ಸ್ತ್ರೀಯೆಂದೂ ಮೊದಲು ಹಿಂಜರಿದ ಆಚಾರ್ಯರು ಮಹಾರಾಜರ ಸೂಚನೆಯ ಮೇರೆಗೆ ಸೇರಿಸಿಕೊಂಡರು. ಕಲಿಕೆಯಲ್ಲಿ ಆಕೆಗಿದ್ದ ನಿಷ್ಠೆಯನ್ನು ಕಂಡು ಕಲಿಸುವಂತೆಯೂ ಆದೇಶಿಸಿದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಯೋಗಶಾಲೆಗೆ ಮೊದಲಿನ ಪೋಷಣೆ ಉಳಿಯಲಿಲ್ಲ. ಸ್ವಾತಂತ್ರ್ಯಾನಂತರ ಅರಮನೆಯ ಸಂಪನ್ಮೂಲಗಳು ಸರ್ಕಾರಕ್ಕೆ ಸೇರಿದವು. 1950ರಲ್ಲಿ ಶಾಲೆ ಮುಚ್ಚಿತು. ಆಗ ಕೃಷ್ಣಮಾಚಾರ್ಯರ ವಯಸ್ಸು ಅರವತ್ತು ದಾಟಿತ್ತು. ಸಂಸಾರ ದೊಡ್ಡದು; ಅರಮನೆಯ ಆಶ್ರಯ ಮುಗಿದಿತ್ತು.

ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ನ್ಯಾಯವಾದಿಯೊಬ್ಬರಿಗೆ ನೆರವಾಗಲೆಂದು 1952ರಲ್ಲಿ ಅವರು ಮದರಾಸಿಗೆ ಹೋದರು, ಮತ್ತೆ ಅಲ್ಲಿಯೇ ಉಳಿದರು. ಅಲ್ಲಿಗೆ ಅವರ ಬಳಿ ಬಂದವರು ನೆಗೆದು ಬಾಗುವ ಅರಸು ಬಾಲಕರಲ್ಲ. ರೋಗಿಗಳು, ಉದ್ಯೋಗಸ್ಥರು, ಗೃಹಿಣಿಯರು, ವೃದ್ಧರು ಬಂದರು. ಅವರಿಗೆ ಮೈಸೂರಿನ ಕ್ರಮ ಒಗ್ಗುವಂತಿರಲಿಲ್ಲ. ಹೀಗೆ ಅರವತ್ತರ ಅನಂತರ ಆಚಾರ್ಯರು ಕಲಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. ನಾಡಿ ನೋಡಿ, ಆಹಾರ, ಉದ್ಯೋಗ, ವಯಸ್ಸುಗಳನ್ನು ವಿಚಾರಿಸಿ ಒಬ್ಬೊಬ್ಬರಿಗೆ ಒಂದೊಂದು ಪಾಠವನ್ನು ಗೊತ್ತುಮಾಡಿದರು. ಬೆಳೆಯುವ ವಯಸ್ಸಿನವರಿಗೆ ಸೃಷ್ಟಿಕ್ರಮ, ಸಂಸಾರದ ಹೊಣೆ ಹೊತ್ತವರಿಗೆ ಸ್ಥಿತಿಕ್ರಮ, ಮುಪ್ಪಿನವರಿಗೆ ಲಯಕ್ರಮ ಎಂಬ ವಿಭಾಗ ಅವರ ಬೋಧನೆಯ ಅಡಿಪಾಯವಾಯಿತು. ಬಾಲಕನಿಗೆ ಆಸನ ಮುಖ್ಯ, ಗೃಹಸ್ಥನಿಗೆ ಆರೋಗ್ಯವನ್ನು ಕಾಯುವ ಆಸನ ಪ್ರಾಣಾಯಾಮಗಳು ಮುಖ್ಯ, ವೃದ್ಧನಿಗೆ ಧ್ಯಾನ ಮುಖ್ಯ. ಮೈಯನ್ನು ಆಸನಕ್ಕೆ ಒಗ್ಗಿಸುವ ಬದಲು ಆಸನವನ್ನು ಮೈಗೆ ಒಗ್ಗಿಸಿದರು. ಹನುಮಾನಾಸನದ ಪ್ರಸಂಗಕ್ಕೆ ಇದಕ್ಕಿಂತ ಸ್ಪಷ್ಟವಾದ ತಿದ್ದುಪಡಿ ಬೇರೊಂದಿಲ್ಲ.

ಈ ವಿಭಾಗವನ್ನು ಒಪ್ಪಿದರೆ ಎಷ್ಟು ಕಾಲದಲ್ಲಿ ಕಲಿಯಬಹುದು ಎಂಬ ಪ್ರಶ್ನೆಯ ಅರ್ಥವೇ ಬದಲಾಗುತ್ತದೆ. ಇಪ್ಪತ್ತರಲ್ಲಿ ಪಡೆದ ನೈಪುಣ್ಯ ನಲವತ್ತರಲ್ಲಿ ಸಾಲದು. ನಲವತ್ತರದು ಎಪ್ಪತ್ತರಲ್ಲಿ ಉಪಯೋಗಕ್ಕೆ ಬಾರದು. ಪ್ರತಿ ಹಂತದಲ್ಲೂ ಮನುಷ್ಯ ಮತ್ತೆ ಆರಂಭದವನಾಗುತ್ತಾನೆ. ಮದರಾಸಿನ ಶಿಷ್ಯರ ಕಲಿಕೆಯ ಅವಧಿಗಳು ಇದಕ್ಕೆ ಸಾಕ್ಷಿ. ಶ್ರೀವತ್ಸ ರಾಮಸ್ವಾಮಿಯವರು 1955ರಲ್ಲಿ ಕಲಿಯಲು ಆರಂಭಿಸಿ ಮೂರು ದಶಕಗಳಿಗೂ ಹೆಚ್ಚು ಕಾಲ ಆಚಾರ್ಯರ ಬಳಿ ಪಾಠ ಹೇಳಿಸಿಕೊಂಡರು. 1938ರಲ್ಲಿ ಹುಟ್ಟಿದ ಮಗ ದೇಶಿಕಾಚಾರ್ ಇಂಜಿನಿಯರಿಂಗ್ ಓದಿದವರು. ಯೋಗದ ಕಡೆ ಒಲವಿರಲಿಲ್ಲ. 1960ರ ದಶಕದ ಆರಂಭದಲ್ಲಿ ವಿದೇಶೀಯ ಮಹಿಳೆಯೊಬ್ಬರು ಬಹುಕಾಲದ ನಿದ್ರಾಹೀನತೆ ನೀಗಿತೆಂಬ ಸಂತೋಷದಲ್ಲಿ ತಂದೆಗೆ ಕೃತಜ್ಞತೆ ಸಲ್ಲಿಸಿದ್ದನ್ನು ಕಂಡು ಅವರ ಮನಸ್ಸು ತಿರುಗಿತು. ಕಲಿಸಿರೆಂದು ಕೇಳಿದ ಮಗನನ್ನು ತಂದೆ ಬೆಳಗಿನ ಜಾವ ಮೂರೂವರೆಗೆ ಎಬ್ಬಿಸಿ ಪರೀಕ್ಷಿಸಿದರು. ಆ ಪಾಠ ತಂದೆ ತೀರಿಕೊಳ್ಳುವವರೆಗೂ ನಡೆಯಿತು. 1976ರಲ್ಲಿ ದೇಶಿಕಾಚಾರ್ ಅವರು ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದಾಗಲೂ ಅವರು ವಿದ್ಯಾರ್ಥಿಯಾಗಿಯೇ ಇದ್ದರು.

ಆಚಾರ್ಯರ ಕೊನೆಯ ವರ್ಷಗಳ ಒಂದು ಸಂಗತಿ ಈ ಕಥೆಯನ್ನು ಪೂರ್ಣಗೊಳಿಸುತ್ತದೆ. ತೊಂಬತ್ತಾರರ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯನ್ನು ಅವರು ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ತಮಗಾಗಿ ತಾವೇ ರೂಪಿಸಿಕೊಂಡರು. ಕೈಕಾಲುಗಳ ಸಣ್ಣ ಚಲನೆ, ಅದರೊಡನೆ ಹೊಂದಿಕೊಂಡ ಉಸಿರು, ಪಠಣ. ಹಲ್ಲಿನಿಂದ ಭಾರ ಎತ್ತಿದ ದೇಹಕ್ಕೆ ಈಗ ಒಂದು ತೋಳನ್ನು ಉಸಿರಿನೊಡನೆ ಎತ್ತಿ ಇಳಿಸುವುದೇ ಅಭ್ಯಾಸವಾಗಿತ್ತು. ನೋಡಲು ಯಾರೂ ಸೇರಿರಲಿಲ್ಲ. ಆಸನಗಳೆಲ್ಲ ಮೈಬಿಟ್ಟು ಹೋದ ಮೇಲೂ ಉಳಿದದ್ದು ಯಾವುದೋ ಅದನ್ನೇ ಅವರ ನೈಪುಣ್ಯವೆನ್ನಬೇಕು. 1988ರಲ್ಲಿ ಶಿಷ್ಯರು ಅವರ ಶತಮಾನೋತ್ಸವವನ್ನು ಆಚರಿಸಿದರು. 1989ರ ಫೆಬ್ರವರಿ 28ರಂದು ಅವರು ಮದರಾಸಿನಲ್ಲಿ ನಿಧನರಾದರು.

ಮೈಸೂರು ಶಾಲೆಯ ಒಂದು ಕವಲು ಪುಣೆಯಿಂದ ಮುಂಬಯಿಗೆ ಬಂದಿತು. ಅಯ್ಯಂಗಾರರು ಬಹುವರ್ಷ ವಾರಾಂತ್ಯಗಳಲ್ಲಿ ಮುಂಬಯಿಗೆ ಬಂದು ತರಗತಿಗಳನ್ನು ನಡೆಸಿದರು. ಸಂಗೀತಗಾರ ಯೆಹೂದಿ ಮೆನುಹಿನ್ ಅವರೊಡನೆ 1952ರಲ್ಲಿ ಬೆಳೆದ ಸ್ನೇಹದಿಂದ ಅವರ ಹೆಸರು ವಿದೇಶಗಳಿಗೂ ಹರಡಿತು. ಪುಣೆ-ಮುಂಬಯಿ ರೈಲುಹಾದಿ ಕಲ್ಯಾಣ್, ಡೊಂಬಿವಲಿ, ಥಾಣೆಗಳ ಮೂಲಕವೇ ಸಾಗುತ್ತದೆ. ಈ ಪ್ರದೇಶದ ಯೋಗಕ್ಕೆ ಬೇರೆ ಮೂಲಗಳೂ ಉಂಟು. ಯೋಗೇಂದ್ರರು 1918ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಸಂಸ್ಥೆ, ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಸ್ಥಾಪಿಸಿದ ಕೈವಲ್ಯಧಾಮಗಳನ್ನು ಮರೆಯುವಂತಿಲ್ಲ. ಆದರೂ ಈ ಪಟ್ಟಣಗಳಲ್ಲಿ ನೆಲೆಸಿದ ಕನ್ನಡಿಗನಿಗೆ ಮೈಸೂರಿನ ಕವಲು ತನ್ನ ಊರಿನಿಂದ ಬಂದದ್ದೆಂಬ ಆತ್ಮೀಯತೆ ಸಹಜ. ಅವನಂತೆಯೇ ಅದೂ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು, ಪರಭಾಷೆಯ ನಡುವೆ ತನ್ನ ನೆಲೆ ಕಂಡುಕೊಂಡಿತು.

ಏಳೂವರೆ ವರ್ಷ, 300 ವಾರ, ಮೂವತ್ತಕ್ಕೂ ಹೆಚ್ಚು ವರ್ಷಗಳ ಶಿಷ್ಯವೃತ್ತಿ: ಇವೆಲ್ಲವೂ ನಿಜವಾದ ಲೆಕ್ಕಗಳೇ. ಆಸನಗಳಿಗೆ ಮೈ ಪಳಗಲು ಕೆಲವು ವರ್ಷ ಸಾಕು. ಶಾಸ್ತ್ರವನ್ನು ಅರಿತು ಇನ್ನೊಬ್ಬರಿಗೆ ಹಾನಿಯಿಲ್ಲದೆ ಕಲಿಸಲು ಅದಕ್ಕಿಂತ ಬಹಳ ಹೆಚ್ಚು ಬೇಕು. ಅದು ಕೃಷ್ಣಮಾಚಾರ್ಯರಿಗೂ ಅರವತ್ತರ ಅನಂತರ ಪಕ್ವವಾಯಿತು. ಬದಲಾಗುವ ವಯಸ್ಸಿನೊಡನೆ ಅಭ್ಯಾಸವನ್ನು ಬದಲಿಸಿಕೊಂಡು ಉಳಿಸಿಕೊಳ್ಳುವುದಕ್ಕೆ ಮಾತ್ರ ಕೊನೆಯ ದಿನಾಂಕವಿಲ್ಲ. ಪತಂಜಲಿ ಬಹುಕಾಲವೆಂದು ಹೇಳಿ ಅಂಕೆಯನ್ನು ಏಕೆ ಬಿಟ್ಟನೆಂಬುದು, ನೂರರ ಅಂಚಿನಲ್ಲಿ ಹಾಸಿಗೆಯಲ್ಲಿ ಮಲಗಿ ಉಸಿರನ್ನು ಎಣಿಸುತ್ತಿದ್ದ ಈ ಆಚಾರ್ಯರ ಬದುಕಿನಿಂದ ತಿಳಿಯುತ್ತದೆ.